ಹದಿನಾಲ್ಕನೇ ಹಾಸಿಗೆಯ ಉಪವಾಸ ನುಂಗಿದವರಿಗೆ

ದಿನವೂ ಬೆಳಗ್ಗೆ ಆರಕ್ಕೆ ಆಸ್ಪತ್ರೆಯ ಅಡುಗೆಮನೆಗೆ ರೋಗಿಗಳ ಪಟ್ಟಿ ಕಳಿಸಿಕೊಡುವ, ವೆಬ್ ಸರ್ವಿಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಮಹಾಶಯರಿಗೆ ಮುಖ್ಯ ಅಡುಗೆಯವಳ ಒದ್ದೆ ಕೈಯ ನಮಸ್ಕಾರಗಳು.

ಮಾನ್ಯರೇ,

ತಾವು ಬಂದ ಮೇಲೆ ವಾರ್ಡಿನ ಗೀಚು ಚೀಟಿಗಳನ್ನು ಬೆಳಕಿಗೆ ಹಿಡಿದು ಓದುವ ನಮ್ಮ ಕಷ್ಟ ತಪ್ಪಿತು. ಹೆಸರು, ವಯಸ್ಸು, ಹಾಸಿಗೆ ಸಂಖ್ಯೆ, ಒಂದಕ್ಷರ ಆಚೀಚೆ ಆಗುವುದಿಲ್ಲ.

ಹೋದ ವಾರದ ಮಂಗಳವಾರ ಹದಿನಾಲ್ಕನೇ ಹಾಸಿಗೆಯಲ್ಲಿದ್ದವಳು, ಪಿತ್ತಕೋಶದ ಆಪರೇಷನ್ನಿಗೆ ಎರಡು ತಿಂಗಳು ಕಾದಿದ್ದ ನನ್ನ ಸ್ವಂತ ತಂಗಿ. ಬುಧವಾರದ ಆಪರೇಷನ್ನನ್ನು ಒಂದು ದಿನ ಮೊದಲೇ, ಮಂಗಳವಾರಕ್ಕೆ ಎಳೆದದ್ದು ತಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ತಮ್ಮ ಪಟ್ಟಿಯಲ್ಲಿ ಅವಳು ಬರೀ 'ರೋಗಿ'ಯಾಗಿದ್ದಳಾದ್ದರಿಂದ ಎರಡು ಬ್ರೆಡ್ಡು, ಮೊಟ್ಟೆ, ಒಂದು ಲೋಟ ಹಾಲು ಕಳಿಸಿದೆ. ಏನೂ ತಿನ್ನಬೇಡಿ ಎಂದು ನರ್ಸ್ ಹೇಳಿದ್ದರೂ, "ಅಕ್ಕನೇ ಕಳಿಸಿದಾಳೆ ಅಂದ್ಮೇಲೆ ತಿನ್ನಬಹುದು ಅಂತಾನೇ" ಎಂದುಕೊಂಡು ಅವಳು ತಟ್ಟೆ ಖಾಲಿ ಮಾಡಿದಳು. ಹೊಟ್ಟೆ ತುಂಬಿದವಳಿಗೆ ಅರಿವಳಿಕೆ ಕೊಡುವಂತಿಲ್ಲವೆಂದು ಸರ್ಜನ್ ಆಪರೇಷನ್ ಮುಂದೂಡಿ, ಕೈಗವಸು ಬಿಚ್ಚಿಟ್ಟು ಹೊರಟುಹೋದರು.

ಕಂಪ್ಯೂಟರ್ ವಿಭಾಗದ ಕನ್ನಡಕದವರು ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ಕ್ಲಾಸ್ ಎಂದರೆ ವಿವರ ತುಂಬುವ ನಮೂನೆಯಂತೆ; 'ರೋಗಿ' ಎಂಬುದು ತಾಯಿ ಕ್ಲಾಸ್, 'ಆಪರೇಷನ್ ರೋಗಿ' ಅದರ ಮಗಳು. ತಾಯಿಯದ್ದೆಲ್ಲ ಮಗಳಿಗೆ ಬಂದಿರುತ್ತದೆ, ಮೇಲೆ 'ಉಪವಾಸ' ಎಂಬ ಕಾಲಂ ಅವಳ ಸ್ವಂತದ್ದು. ತಾವು 'ರೋಗಿ'ಯನ್ನು ಕೊಡುತ್ತೇನೆಂದು ಮಾತು ಕೊಟ್ಟವರು. ಆದ್ದರಿಂದ ಒಳಗಿರುವುದು ಮಗಳೇ ಆದರೂ ತಾಯಿಯಿಂದ ಬಂದಷ್ಟನ್ನು ಉಳಿಸಿ, ಮಿಕ್ಕದ್ದನ್ನು ಬಾಗಿಲಲ್ಲೇ ಕತ್ತರಿಸಿ ಕಳಿಸುತ್ತೀರಂತೆ. "ಮಗಳ ಕ್ಲಾಸ್ ಒಂದಿದೆ ಅಂತ ಅದಕ್ಕೆ ಮೊದಲೇ ಹೇಳಿರ್ಬೇಕಿತ್ತು, ಮರೆತುಬಿಟ್ವಿ" ಎಂದು ತಲೆ ಕೆರೆದುಕೊಂಡರು. ಕೊಟ್ಟ ಮಾತಿಗೆ ಇಷ್ಟು ಕಟ್ಟುಬಿದ್ದವರನ್ನು ನಾನು ನಮ್ಮ ಬಂಧುಬಳಗದಲ್ಲಿ ಕಂಡಿಲ್ಲ.

ಆದ್ದರಿಂದ ವಿನಂತಿ: ದಯವಿಟ್ಟು ತಾವು ಒಮ್ಮೆ ಹೊಟ್ಟೆನೋವು ತಂದುಕೊಂಡು ಹದಿನಾಲ್ಕನೇ ಹಾಸಿಗೆಯಲ್ಲಿ ಮಲಗಬೇಕು. ತಮಗೆ ಹೊಟ್ಟೆಯೇ ಇಲ್ಲವಾದರೆ, ಕನಿಷ್ಠ ಸರ್ಜನ್ನರ ಮುಂದೆ ಕೈಕಟ್ಟಿ ನಿಂತು, ತಟ್ಟೆ ಕಳಿಸಿದ್ದು ಅಡುಗೆಯವಳ ತಪ್ಪಲ್ಲ ಎಂದು ಹೇಳಬೇಕು. ಮಗಳ ಕ್ಲಾಸಿನ ಹೆಸರು ಈಗ ತಮ್ಮ ಕಿವಿಗೆ ಬಿದ್ದಿದೆಯಂತೆ, ಸಂತೋಷ. ಆದರೆ ತಂಗಿ ಇನ್ನೂ ಒಂಬತ್ತು ದಿನ ನೋವು ತಿಂದಳು, ಅದಕ್ಕೆ ನನಗೆ ನಿಜವಾಗಿಯೂ ನಾಚಿಕೆಯಾಗಿದೆ.

ಇಂತಿ, ಇನ್ನು ಮೇಲೆ ತಮ್ಮನ್ನು ಎರಡು ಸಲ ಓದುವ ತಮ್ಮ ವಿಶ್ವಾಸಿ,
ಮುಖ್ಯ ಅಡುಗೆಯವಳು

ಮರೆತ ಮಾತು: ಆಪರೇಷನ್ ನಿನ್ನೆ ಸುಸೂತ್ರವಾಗಿ ಮುಗಿಯಿತು. ಇಂದು ನಾನೇ ಗಂಜಿ ಒಯ್ದು ಕೊಟ್ಟೆ. ತಂಗಿ ಚಮಚ ಮುಟ್ಟದೆ ನನ್ನ ಮುಖ ನೋಡಿ, "ಅಕ್ಕ, ಇದು ಡಾಕ್ಟರ್ ಹೇಳಿದ್ದಾ, ಪಟ್ಟಿ ಹೇಳಿದ್ದಾ?" ಎಂದು ಕೇಳಿದಳು.