ಜಾಮೂನು ಪಾಕದ ಅಳತೆ

“ನಿಮ್ಮ ಅನೀಶನಿಗೆ ಶುಗರ್ ಅಂತೆ, ಹೌದಾ ವಸಂತಿಯಕ್ಕ? ನಮಗೆ ಒಂದು ಮಾತು ಹೇಳ್ಲಿಲ್ಲ ನೀವು!”

ಎದುರುಮನೆಯ ಉಮಾವತಿ ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟರು. ವಸಂತಿಯ ಕೈಯಲ್ಲಿದ್ದ ದೋಸೆ ಸಟ್ಟುಗ ಗಾಳಿಯಲ್ಲೇ ನಿಂತಿತು.

“ಶುಗರಾ? ನಮ್ಮ ಅನೀಶನಿಗಾ?”

“ಮತ್ತೆಂತ? ಸ್ಟೇಷನ್ ಹತ್ರದ ಮೆಡಿಕಲ್‌ನಲ್ಲಿ ಸಿರಿಂಜ್ ತಗೊಳ್ತಿದ್ದ. ‘ಯಾರಿಗೆ ಮಗಾ’ ಅಂದ್ರೆ ಮುಖ ಟೊಮೆಟೊ! ನಮ್ಮ ಇವ್ರಿಗೂ ಇಲ್ವಾ ಶುಗರು? ಸಕ್ಕರೆ ಡಬ್ಬಿಗೆ ಬೀಗ ಹಾಕಿ ಬೀಗದಕೈ ಕುತ್ತಿಗೆಗೆ ಕಟ್ಟಿಕೊಂಡಿದ್ದೇನೆ. ಆದ್ರೂ ಇದು ಪಾಪ, ಮದುವೆ ಆಗ್ಬೇಕಾದ ಹುಡುಗ.”

“ಅವನಿಗಿನ್ನೂ ಹತ್ತೊಂಬತ್ತು ಮಾರಾಯ್ತಿ!”

“ಅದೇ ಹೇಳಿದ್ದು. ಹೆಣ್ಣು ಹುಡುಕ್ಲಿಕ್ಕೆ ಈಗ್ಲೇ ಶುರು ಮಾಡ್ಬೇಕು.”

ಒಳಕೋಣೆಯಲ್ಲಿ ಅನೀಶ ಮತ್ತು ಅವನ ಕಾಲೇಜಿನ ಗೆಳೆಯ ವಿಶಾಲ್ ಬಾಗಿಲು ಹಾಕಿಕೊಂಡು ಜಗಳವಾಡುತ್ತಿದ್ದರು. ಹೊಗೆ ಬಿಡುವ ವೇಪ್ ಪೆನ್ನಿಗೆ ಹಾಕುವ ರಸವನ್ನು ಒಂದು ವಿಡಿಯೋ ನೋಡಿ ಮನೆಯಲ್ಲೇ ಬೆರೆಸುವುದು ಅವರ ಗುಟ್ಟಿನ ಯೋಜನೆ. ಸಾಮಾನು ಇನ್ನೂ ಬಂದಿರಲಿಲ್ಲ. ಅಷ್ಟರೊಳಗೆ ಅಳತೆ ಅಭ್ಯಾಸವಾಗಲಿ ಎಂದು ಅನೀಶ, ಕೋಪರಿಯಲ್ಲಿದ್ದ ತನ್ನ ಅಪ್ಪನ ಹೊಟೇಲಿನಿಂದ ಒಂದು ಡಬ್ಬಿ ಜಾಮೂನು ಪಾಕ ಎಗರಿಸಿದ್ದ. ಅದೂ ಆ ರಸದಷ್ಟೇ ಮಂದ.

“ಸಿರಿಂಜೇ ಬೆಸ್ಟ್. ಗೆರೆ ನೋಡು, ಎಳಿ, ಮುಗೀತು.”

“ಅರೇ ಯಾರ್, ಅರ್ಧ ಗುಳ್ಳೆ ಇದೆ ಅದ್ರಲ್ಲಿ. ಹವಾ ಅಳೀತಿದ್ದೀಯಾ?” ವಿಶಾಲ್ ವಸಂತಿಯ ಅಡುಗೆಮನೆಯ ತಕ್ಕಡಿಯನ್ನು ಮುಂದೆ ತಳ್ಳಿದ. “ಇದ್ರ ಮೇಲೆ ಇಡು. ಗ್ರಾಂ ಕಭೀ ಝೂಟ್ ನಹೀ ಬೋಲ್ತಾ, ಸುಳ್ಳೇ ಹೇಳಲ್ಲ.”

“ಆ ವಿಡಿಯೋದವ್ನು ಹನಿ ಎಣಿಸ್ತಾನಲ್ಲ ಮತ್ತೆ?”

“ಅವ್ನ ಹನಿ ಗುಂಡಗಿದೆ. ನಿಂದು ನಿನ್ ಹಾಗೇ, ಸೂಖಾ, ಒಣಕಲು!”

ಒಂದೇ ಮನೆಯ ಮೂವರು ಸೊಸೆಯಂದಿರಂತೆ ಮೂರು ಅಳತೆಗಳೂ ಮೂರು ಮಾತು ಹೇಳಿದವು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು ವಸಂತಿ, ಉಮಾವತಿ ಒಳನುಗ್ಗಿದರು. “ಆಂಟಿ, ನನ್ನ ಡೊಂಬಿವಲಿ ಲೋಕಲ್ ಟ್ರೈನಿಗೆ ಹೊತ್ತಾಯ್ತು!” ಎಂದವನೇ ವಿಶಾಲ್ ಒಂದೇ ಚಪ್ಪಲಿಯಲ್ಲಿ ಮಾಯವಾದ.

ಸಿರಿಂಜ್ ನೋಡಿ ವಸಂತಿಯ ಕಣ್ಣು ತುಂಬಿತು. “ಯಾವಾಗಿಂದ ಮಗಾ?”

“ಅಮ್ಮ, ಅದು...”

“ತಕ್ಕಡಿ ನೋಡಿ ಅಕ್ಕ!” ಉಮಾವತಿ ತನಿಖೆಗಿಳಿದರು. “ಪಾಪ, ಗುಟ್ಟಾಗಿ ಅನ್ನ ತೂಗಿ ತಿನ್ನುದು. ಅಯ್ಯೋ, ಹನಿ ಹಾಕುವ ಡ್ರಾಪರ್! ಕಣ್ಣಿಗೂ ಇಳಿದಿದೆ. ಈ ಡಬ್ಬೀಲಿ ಎಂತ? ಜಾಮೂನು ಪಾಕ! ಬಾಯಿ ಕಟ್ಲಿಕ್ಕೆ ಆಗ್ದೆ ಕದ್ದು ಕುಡೀತಾನೆ!”

ಅನೀಶನಿಗೆ ನೆಲ ಬಿರಿದು ಕೆಳಗಿನ ಮನೆಗೆ ಬಿದ್ದರೂ ಸಾಕೆನಿಸಿತು. ನಿಜ ಹೇಳೋಣವೆಂದರೆ, “ನನ್ನ ಮಗ ಎಲೆಅಡಿಕೆ ಕೂಡ ಮುಟ್ಟುವವನಲ್ಲ” ಎಂದು ಅಮ್ಮ ಭಜನೆಯ ಹೆಂಗಸರ ಮುಂದೆ ವಾರವಾರವೂ ಹೇಳುತ್ತಿದ್ದದ್ದು ನೆನಪಾಯಿತು.

ಹಾಗಲಕಾಯಿ ರಸ ಬಂತು. ಕುಡಿದ. ಕಿರಾತಕಡ್ಡಿ ಕಷಾಯ ಬಂತು. ಅದನ್ನೂ ಕುಡಿದ. ಹೊಟೇಲಿನಿಂದ ಅಪ್ಪ ಪುಂಡರೀಕಾಕ್ಷ ಫೋನಿನಲ್ಲೇ ಗದ್ಗದರಾದರು: “ಮಗನಿಗೆ ವಿಷ ಆದದ್ದು ನನ್ನ ಹೊಟೇಲಿನಲ್ಲಿ ಬೇಡ. ನಾಳೆಯಿಂದ ಜಾಮೂನು ಬಂದ್!” ವಸಂತಿ ಸಕ್ಕರೆಯಿಲ್ಲದ ಚಹಾ ಮಾಡಿಕೊಂಡು, ಮುಖ ಕಿವುಚಿ ಒಂದೊಂದೇ ಗುಟುಕು ನುಂಗಿದರು. “ನಿಂಗಿಲ್ಲದ ಸಿಹಿ ನನಗೂ ಬೇಡ ಮಗಾ.” ಕಷಾಯಕ್ಕಿಂತ ಅದೇ ಅವನಿಗೆ ಕಹಿಯಾಯಿತು.

ಆಗ ಉಮಾವತಿಯ ಗಂಡ ಲೀಲಾಧರ ಶುಗರ್ ನೋಡುವ ಯಂತ್ರ ಹಿಡಿದು ಬಂದರು. ಅನೀಶನಿಗೆ ಜೀವ ಬಂತು. ಯಂತ್ರವೇ ಸಾಕ್ಷಿ ಹೇಳಲಿ! ಮದುವೆಯ ಉಂಗುರಕ್ಕೆ ಒಡ್ಡುವಂತೆ ಬೆರಳು ಚಾಚಿದ. ಚುಚ್ಚಿದರು. ನಾನೂರ ಎಂಬತ್ತೇಳು!

“ಅಬ್ಬಾ! ಚೌತಿಯ ಮರುದಿನವೂ ನಂದು ಇಷ್ಟು ಏರಿಲ್ಲ,” ಎಂದರು ಲೀಲಾಧರ, ತುಸು ಹೊಟ್ಟೆಕಿಚ್ಚಿನಿಂದ.

ಅನೀಶ ಬೆರಳು ನೋಡಿಕೊಂಡ. ಫಳಫಳ ಹೊಳೆಯುತ್ತಿತ್ತು. ರಕ್ತದ ಜೊತೆ ಯಂತ್ರ ಅಪ್ಪನ ಜಾಮೂನು ಪಾಕವನ್ನೂ ನೆಕ್ಕಿತ್ತು!

ವಸಂತಿ ನೆಲಕ್ಕೆ ಕುಸಿದು ಕೂತರು. ಅದನ್ನು ನೋಡಲಾರದೆ ಅವನು ಕೂಗಿಯೇಬಿಟ್ಟ: “ಅಮ್ಮಾ, ನಂಗೆ ಶುಗರ್ ಗಿಗರ್ ಇಲ್ಲ! ನಾನು ವೇಪ್ ಎಳೀತೇನೆ. ಹೊಗೆ! ಇದೆಲ್ಲ ಅದ್ರ ರಸ ಅಳೀಲಿಕ್ಕೆ. ಬೆರಳಿಗೆ ಪಾಕ ಅಂಟಿತ್ತು, ಅಷ್ಟೇ!”

ಲೀಲಾಧರ ಬೆರಳು ನೋಡಿದರು, ಡಬ್ಬಿ ನೋಡಿದರು, ಹೆಂಡತಿಯ ಕುತ್ತಿಗೆಯ ಬೀಗದಕೈ ನೋಡಿದರು.

“ಹೆದರ್ಬೇಡಿ ವಸಂತಿಯಕ್ಕ,” ಎಂದರು ಗಂಭೀರವಾಗಿ. “ಶುಗರ್ ಇಷ್ಟು ಏರಿದ್ರೆ ಹೀಗೇ ಏನೇನೋ ಬಡಬಡಿಸ್ತಾರೆ.”

“ಹಾಗೇ ಇರ್ಬೇಕು! ನನ್ನ ಮಗ ಹೊಗೆಯಾ?” ವಸಂತಿ ಅವನನ್ನು ಬಿಗಿದಪ್ಪಿಕೊಂಡರು. ಆ ಅಪ್ಪುಗೆಯೊಳಗೆ, ಸತ್ಯವನ್ನು ಎರಡನೇ ಸಲ ಹೇಳುವ ಧೈರ್ಯ ಅನೀಶನಲ್ಲಿ ಉಳಿಯಲಿಲ್ಲ.

“ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೇನೆ. ಮೊದ್ಲು ನನ್ನ ಜೊತೆ ವಾಕಿಂಗ್ ಮಾಡ್ಲಿ,” ಎಂದು ಎದ್ದ ಲೀಲಾಧರ, ಬಾಗಿಲ ಬಳಿ ಅವನ ಕಿವಿಗೆ ಬಾಗಿದರು.

“ಕೈ ತೊಳೀದೆ ಚೆಕ್ ಮಾಡಿದ್ರೆ ಹೀಗೇ ಬರ್ತದೆ ಅಂತ ನಂಗೆ ಗೊತ್ತಿಲ್ವಾ ಮಾರಾಯ? ನೀನು ಹೇಳಿದ್ದು ನಿಜ ಅಂತ ಅಮ್ಮನಿಗೆ ಹೇಳ್ಬೇಕಾ?”

ಅನೀಶ ಬೇಡವೆಂದು ತಲೆಯಾಡಿಸಿದ.

“ಹಾಗಾದ್ರೆ ನಾಳೆ ಬೆಳಿಗ್ಗೆ ಆರು ಗಂಟೆಗೆ ಟೆರೇಸ್. ಆ ಡಬ್ಬಿ ತಾ. ಸಿರಿಂಜ್, ತಕ್ಕಡಿ ಎಂತದ್ದೂ ಬೇಡ, ದೊಡ್ಡ ಚಮಚ ಒಂದು ಸಾಕು.”