ಬಸ್ಸಿಗೆ ಅಡ್ಡ ಹಾಸಿದ ಭತ್ತ

ಕಲ್ಲೇಶಪ್ಪನವರ ಕಷ್ಟಕ್ಕೆಲ್ಲ ಮೂಲ ಅವರ ಮನೆ ಹೈಸ್ಕೂಲಿನ ಎದುರಿಗೆ ಇದ್ದದ್ದು. ಪಾಪ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮನೆ ಕಟ್ಟಿಸಿದಾಗ ನರಸಿಂಹರಾಜಪುರದ ಆ ಬೀದಿಯಲ್ಲಿ ಹೈಸ್ಕೂಲೇ ಇರಲಿಲ್ಲ. ಆಮೇಲೆ ಅದು ಬಂತು, ಅದರ ಹಿಂದೆಯೇ ಬಸ್ಸೂ ಬಂತು. ಹಳ್ಳಿಗಳ ಹುಡುಗರನ್ನೂ ಬಾಳೆಹೊನ್ನೂರಿನ ಪ್ರಯಾಣಿಕರನ್ನೂ ತುಂಬಿಕೊಂಡು ಬೆಳಿಗ್ಗೆ ಬರುವ ಬಸ್ಸು ಸಂಜೆ ಸ್ಕೂಲು ಬಿಡುವವರೆಗೆ ಎಲ್ಲಾದರೂ ನಿಲ್ಲಬೇಕಲ್ಲ? ಸ್ಕೂಲಿನ ಬಯಲಿಗೆ ಹೆಡ್‌ಮಾಸ್ತರು ಬಿಟ್ಟುಕೊಳ್ಳಲಿಲ್ಲ. ಬೀದಿಯಲ್ಲಿ ಮಟ್ಟಸವಾದ ಜಾಗ ಇದ್ದದ್ದು ಕಲ್ಲೇಶಪ್ಪನವರ ಮನೆ ಮುಂದೆ. ಅದು ಬಿಟ್ಟರೆ ಪಕ್ಕದ ರೇಣುಕಪ್ಪನವರ ಮನೆ ಮುಂದೆ. ಡ್ರೈವರ್ ಗಿಡ್ಡಯ್ಯ ಮೊದಲನೆಯದನ್ನು ಆರಿಸಿಕೊಂಡ.

ಬಸ್ಸು ಸುಮ್ಮನೆ ನಿಂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅದು ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಬೀಳದೆ, ಬಸ್ಸಿನ ಬೆನ್ನಿಗೆ ದೊಡ್ಡದೊಂದು ಇದ್ದಿಲಿನ ಒಲೆ ಕಟ್ಟಿದ್ದರು. ಅದು ನಿಂತರೂ ಹೊಗೆ, ಹೊರಟರೂ ಹೊಗೆ. ಕ್ಲೀನರು ಒಲೆಗೆ ಗಾಳಿ ಹಾಕುವ ಚಕ್ರ ತಿರುಗಿಸಲು ಕೂತನೆಂದರೆ ಆ ಹೊಗೆಯೆಲ್ಲ ಮೆರವಣಿಗೆ ಹೊರಟ ಹಾಗೆ ನೇರ ಕಲ್ಲೇಶಪ್ಪನವರ ನಡುಮನೆಗೆ ನುಗ್ಗುತ್ತಿತ್ತು. ಒಗೆದ ಪಂಚೆ ಕಪ್ಪು, ಕಾಸಿದ ಹಾಲು ಕಪ್ಪು. ಅಷ್ಟನ್ನೂ ಅವರು ಹೇಗೋ ಸಹಿಸುತ್ತಿದ್ದರು. ಆದರೆ ಹೋದ ಕಾರ್ತಿಕದಲ್ಲಿ ಮಗಳು ಗಂಗಾಂಬಿಕೆಯನ್ನು ನೋಡಲು ಬಂದ ಗಂಡಿನವರು ಉಪ್ಪಿಟ್ಟು ತಿನ್ನುತ್ತ ಕೆಮ್ಮತೊಡಗಿ, ಕೆಮ್ಮುತ್ತಲೇ ಎದ್ದು ಹೋದರು. ಹೊಗೆಯಲ್ಲಿ ಹುಡುಗಿಯ ಮುಖವೇ ಸರಿಯಾಗಿ ಕಾಣಲಿಲ್ಲವೆಂದು ಆಮೇಲೆ ಹೇಳಿ ಕಳಿಸಿದರು. ಅಂದಿನಿಂದ ಕಲ್ಲೇಶಪ್ಪನವರಿಗೆ ಆ ಬಸ್ಸನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಬಾಳೆಹೊನ್ನೂರಿನಿಂದ ಇನ್ನೊಂದು ಒಳ್ಳೆಯ ಸಂಬಂಧ ಕುದುರಿತ್ತು. ಸ್ವಂತ ಕಮಾನು ಗಾಡಿ ಇಟ್ಟುಕೊಂಡ ಸ್ಥಿತಿವಂತರು. ಆ ಊರಿನಲ್ಲೇ ಇದ್ದ ಕಲ್ಲೇಶಪ್ಪನವರ ಭಾವಮೈದುನ ಮಾತಾಡಿ ಒಪ್ಪಿಸಿದ್ದ. ಸೋಮವಾರ ಊಟದ ಹೊತ್ತಿಗೆ ಅವರನ್ನು ಅವರದೇ ಗಾಡಿಯಲ್ಲಿ ಕರೆತರುವುದಾಗಿ ತಿಳಿಸಿದ್ದ. ಗಂಡಿನವರನ್ನು ಕಲ್ಲೇಶಪ್ಪ ಅದುವರೆಗೆ ನೋಡಿರಲಿಲ್ಲ.

ಸೋಮವಾರ ಬೆಳಗಾಗುತ್ತಲೇ ಹೆಂಡತಿ ಬಸವಮ್ಮ ಹೇಳಿದರು: "ಈ ಸಲಾನೂ ಆ ಹೊಗೆಬಸ್ಸು ಬಾಗ್ಲಲ್ಲಿ ನಿಂತ್ರೆ ನಮ್ಮ ಗಂಗೆ ಮದುವೆ ಆದ ಹಾಗೇ ಇದೆ. ಏನಾದ್ರೂ ಮಾಡಿ ನೀವು."

ಏನು ಮಾಡುವುದು? ಎದುರು ಸಾಲಿನಲ್ಲಿ ಸ್ಕೂಲಿನ ಪಕ್ಕದ ಮನೆಯ ಲಿಂಗಪ್ಪನವರು ಕೋರ್ಟಿನ ಅಮೀನರಾಗಿದ್ದು ಪೆನ್ಷನ್ ಆದವರು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದು ಅವರ ಈಗಿನ ಉದ್ಯೋಗ.

"ಜಗಳ ಎಂತಕ್ಕೆ ಮಾರಾಯ? ಬೀದೀಲಿ ಭತ್ತ ಹಾಸು. ಅನ್ನದ ಮೇಲೆ ಚಕ್ರ ಹತ್ತಿಸೋ ಡ್ರೈವರು ಈ ಸೀಮೇಲಿ ಇನ್ನೂ ಹುಟ್ಟಿಲ್ಲ. ಗಂಡಿನೋರ ಗಾಡಿ ಬರ್ತಿದ್ದ ಹಾಗೆ ಬಾಚ್ಕೊಂಡ್ರಾಯ್ತು. ಜಾಗ ನಿಂದು!"

ಕಲ್ಲೇಶಪ್ಪನವರಿಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಕಣಜದಿಂದ ಭತ್ತ ಹೊರಿಸಿ ಮನೆ ಮುಂದೆ ಉದ್ದಕ್ಕೂ ಚಾಪೆ ಹಾಕಿ ಹರವಿದರು.

ಬಸ್ಸು ಬಂತು. ಗಿಡ್ಡಯ್ಯ ಗಕ್ಕನೆ ಬ್ರೇಕು ಹಾಕಿ ಕೆಳಗಿಳಿದ. ಎರಡು ಕಾಳು ಹೆಕ್ಕಿ ಕಣ್ಣಿಗೊತ್ತಿಕೊಂಡ.

"ಎಂತ ಸ್ವಾಮಿ ಇದು?"

"ಕಾಣಲ್ವಾ? ಭತ್ತ."

"ಅದು ಕಾಣ್ತದೆ. ಬೀದೀಲಿ ಯಾಕೆ ಅಂತ."

"ಅಂಗಳದಲ್ಲಿ ಬಿಸಿಲು ಸಾಲಲ್ಲ."

ಗಿಡ್ಡಯ್ಯ ತಲೆ ಕೆರೆದುಕೊಂಡ. ಆಮೇಲೆ ಬಸ್ಸನ್ನು ಹಿಂದಕ್ಕೆ ತೆಗೆದು ರೇಣುಕಪ್ಪನವರ ಬಾಗಿಲಿಗೇ ನಿಲ್ಲಿಸಿದ. ಹುಡುಗರು ಸ್ಕೂಲಿಗೆ ಓಡಿದರು. ಮಿಕ್ಕ ಪ್ರಯಾಣಿಕರು ಮಸಿ ಒರೆಸಿಕೊಳ್ಳುತ್ತ ಇಳಿದು, ನೆರಳು ಕಂಡ ರೇಣುಕಪ್ಪನವರ ಜಗಲಿಗೆ ಹತ್ತಿದರು. ಬಾಗಿಲಿಗೆ ಬಂದವರನ್ನು ಹಾಗೇ ಬಿಡಲಾಗುತ್ತದೆಯೇ? ರೇಣುಕಪ್ಪನವರ ಹೆಂಡತಿ ಸುಮಿತ್ರಮ್ಮ ಎಲ್ಲರಿಗೂ ಬೆಲ್ಲ, ನೀರು ತಂದಿಟ್ಟರು.

ರೇಣುಕಪ್ಪ ಕೆಮ್ಮುತ್ತ ಬೀದಿಗೆ ಬಂದರು. "ಕಲ್ಲೇಶಪ್ನೋರೇ, ಇದು ನ್ಯಾಯಾನಾ? ನಿಮ್ಮ ಮನೆ ಪೀಡೆ ತಂದು ನನ್ನ ಬಾಗ್ಲಿಗೆ ಕಟ್ತೀರಲ್ಲ!"

"ಇವತ್ತೊಂದು ದಿನ ಸಹಿಸ್ಕೊಳ್ಳಿ. ನಾನು ಎರಡು ವರ್ಷ ಸಹಿಸ್ಕೊಂಡಿಲ್ವಾ?" ಎಂದರು ಕಲ್ಲೇಶಪ್ಪ. ಒಳಗೊಳಗೇ ಅವರಿಗೆ ಮಹಾ ಸಂತೋಷವಾಗಿತ್ತು.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಹುಡುಗರನ್ನು ಬಿಡಲು ಬಂದಿದ್ದ ಗಾಡಿಯೊಂದರ ಎತ್ತುಗಳು ಭತ್ತಕ್ಕೆ ಬಾಯಿ ಹಾಕಿದವು. ಅವನ್ನು ಓಡಿಸುವಷ್ಟರಲ್ಲಿ ಬೀದಿಯ ಕೋಳಿಗಳೆಲ್ಲ ಸಂಸಾರ ಸಮೇತ ಬಂದವು. ಕೋಳಿಗಳನ್ನು ಅಟ್ಟಿದರೆ ಆಡುಗಳು. ಅಷ್ಟರಲ್ಲಿ ಸ್ಕೂಲಿನ ಗಂಟೆ ಹೊಡೆದು, ಆಟಕ್ಕೆ ಬಿಟ್ಟ ಹುಡುಗರು ಭತ್ತದ ಮೇಲೆ ಉದ್ದ ಜಿಗಿತದ ಪಂದ್ಯ ಹೂಡಿದರು. ಹಾರಲಾರದವರು ನಡುವೆಯೇ ಬಿದ್ದರು. ಕಲ್ಲೇಶಪ್ಪ ಕೊಡೆ ಎತ್ತಿಕೊಂಡು ಆ ತುದಿಗೊಮ್ಮೆ ಈ ತುದಿಗೊಮ್ಮೆ ಓಡಿದರು. ಗಂಡಿನವರು ಬರುತ್ತಾರೆಂದು ಉಟ್ಟಿದ್ದ ಜರಿಪಂಚೆ ಮೊಣಕಾಲಿಗೆ ಏರಿತ್ತು, ರುಮಾಲು ಬಿಚ್ಚಿಕೊಂಡಿತ್ತು.

"ಬಲಕ್ಕೆ ನೋಡು ಮಾರಾಯ, ಬಲಕ್ಕೆ! ಒಂದು ಹುಂಜ ಬಂತು," ಎಂದು ಲಿಂಗಪ್ಪನವರು ಜಗಲಿಯಿಂದ ಏಳದೆ ಸಹಾಯ ಮಾಡುತ್ತಿದ್ದರು.

ಹೆಡ್‌ಮಾಸ್ತರೂ ಬಂದರು. "ಏನ್ರೀ, ನನ್ನ ಹುಡುಗರ ಜೇಬಲ್ಲೆಲ್ಲ ಭತ್ತ! ಕ್ಲಾಸಲ್ಲಿ ಕಟುಂ ಕಟುಂ ಅಂತ ಕಡೀತಾ ಕೂತಿದಾರೆ."

"ಭತ್ತ ನಂದು ಹೋಗಿರೋದು ಸ್ವಾಮಿ. ದೂರು ನಾನು ಕೊಡ್ಬೇಕು!" ಎಂದು ಕಲ್ಲೇಶಪ್ಪನವರು ರೇಗಿದರು.

ಊಟದ ಹೊತ್ತಾಯಿತು. ಗಾಡಿ ಬರಲಿಲ್ಲ. ಬಸವಮ್ಮ ಬಾಗಿಲಿಗೆ ಬಂದು ಇಣುಕಿ ಇಣುಕಿ ಹೋದರು. ಗಂಗಾಂಬಿಕೆ ಹೊಸ ಸೀರೆ ಉಟ್ಟು ಬೆವರುತ್ತ ಕೂತಿದ್ದಳು. ಕಲ್ಲೇಶಪ್ಪನವರು ರಸ್ತೆಯ ತಿರುವಿನ ಮೇಲೆ ಕಣ್ಣಿಟ್ಟು ನಿಂತೇ ಇದ್ದರು. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂತು, ನಗು ಕೇಳಿಸಿತು. ಬಸ್ಸಿಳಿದವರಲ್ಲಿ ಯಾರೋ ನಾಲ್ಕು ಜನ ಇನ್ನೂ ಅಲ್ಲೇ ಇದ್ದಂತಿತ್ತು. ಬಸ್ಸು ಬಾಗಿಲಿಗೆ ಬಂದರೆ ಉಣ್ಣುವವರೂ ಬರುತ್ತಾರೆ, ರೇಣುಕಪ್ಪನಿಗೂ ಗೊತ್ತಾಗಲಿ ಎಂದು ಕಲ್ಲೇಶಪ್ಪ ಆ ಸಂಕಟದಲ್ಲೂ ನಕ್ಕರು.

ಇಳಿಹೊತ್ತಿನಲ್ಲಿ ರೇಣುಕಪ್ಪ ತಟ್ಟೆ ಹಿಡಿದುಕೊಂಡು ಬಂದರು. ಬೆಳಗಿನ ಸಿಟ್ಟು ಎಲ್ಲಿ ಹೋಗಿತ್ತೋ, ಮುಖ ಅರಳಿತ್ತು.

"ತಗೊಳ್ಳಿ, ಬಾಯಿ ಸಿಹಿ ಮಾಡ್ಕೊಳ್ಳಿ."

ಹಸಿದಿದ್ದ ಕಲ್ಲೇಶಪ್ಪ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಂಡರು. "ಎಂತ ವಿಶೇಷ?"

"ನಮ್ಮ ಮಗಳು ಅನ್ನಪೂರ್ಣೇಶ್ವರಿಗೆ ಹೂ ಮುಡಿಸಿದ್ರು. ಮದುವೆ ಗೊತ್ತಾಯ್ತು ಅನ್ನಿ."

"ಯಾವೂರಿನೋರು?"

"ಬಾಳೆಹೊನ್ನೂರು," ಎಂದು ರೇಣುಕಪ್ಪ ನೆಲ ನೋಡಿದರು. "ಗಾಡಿ ಎತ್ತು ಕುಂಟ್ತು ಅಂತ ಬಸ್ಸು ಹತ್ತಿದ್ರಂತೆ. ನಿಮ್ಮ ಭಾವಮೈದನಿಗೆ ಚಳಿಜ್ವರವಂತೆ, ಬರೋಕಾಗ್ಲಿಲ್ಲ. ಬಸ್ಸು ಯಾವ ಮನೆ ಮುಂದೆ ನಿಲ್ಲುತ್ತೋ ಅದೇ ಮನೆ, ತಪ್ಪೋ ಮಾತೇ ಇಲ್ಲ ಅಂತ ಹೇಳಿ ಕಳಿಸಿದ್ರಂತೆ."

ಕಲ್ಲೇಶಪ್ಪನವರ ಬಾಯಲ್ಲಿ ಸಕ್ಕರೆ ಹಾಗೇ ನಿಂತಿತು.

"ನೀವು... ಯಾರು ಎಂತ ಅಂತ ಕೇಳ್ಲಿಲ್ವಾ?"

"ಹೇಗೆ ಕೇಳ್ಲಿ ಹೇಳಿ? ನಾನು ಇವಳ ತವರಿನೋರು ಅಂದ್ಕೊಂಡೆ. ಇವಳು ನನ್ನ ಕಡೆಯೋರು ಅಂದ್ಕೊಂಡ್ಳು. ಎಲೆ ಮುಂದೆ ಕೂತೋರನ್ನ ನೀವ್ಯಾರು ಅಂತ ಕೇಳಿದ್ರೆ ಚೆನ್ನಾಗಿರುತ್ತಾ? ಬಡಿಸ್ತಿದ್ದ ಹುಡುಗೀನ ನೋಡಿದ್ರು, ಮೆಚ್ಚಿದ್ರು, ತಂದಿದ್ದ ಹೂ ಮುಡಿಸಿಬಿಟ್ರು. ಆಮೇಲೆ ಯಜಮಾನರು ನನ್ನ ಕೈ ಹಿಡ್ಕೊಂಡು, ಕಲ್ಲೇಶಪ್ನೋರೇ, ನಮಗೆ ತೃಪ್ತಿಯಾಯ್ತು ಅಂದ್ರು. ಆಗಲೇ ನನಗೂ ತಿಳಿದದ್ದು."

"ಆಗಲಾದ್ರೂ ಹೇಳ್ಬೇಕಿತ್ತಲ್ಲ ಮಾರಾಯ್ರೇ!"

"ಹೇಳ್ದೆ, ಇಷ್ಟಲಿಂಗದಾಣೆ ಹೇಳ್ದೆ. ಮುಡಿಸಿದ ಹೂ ಕೀಳೋದು ಹೇಗೆ, ಶಿವನ ಇಚ್ಛೆ ಇದ್ದದ್ದು ಆಯ್ತು ಅಂದ್ರು."

"ಮತ್ತೆ ಹೊಗೆ?" ಎಂದರು ಕಲ್ಲೇಶಪ್ಪ. "ಹೊಗೆ ಏನೂ ಅನ್ನಿಸ್ಲಿಲ್ವಾ ಅವರಿಗೆ?"

"ಬಾಳೆಹೊನ್ನೂರಿಂದ ಬಸ್ಸಲ್ಲಿ ಹೊಗೆ ಕುಡ್ಕೊಂಡೇ ಬಂದೋರಿಗೆ ನಮ್ಮ ಮನೆ ಹೊಗೆ ಯಾವ ಲೆಕ್ಕ?"

ಮಗಳಿಗೆ ಏನು ಹೇಳುವುದು? ಕಲ್ಲೇಶಪ್ಪನವರ ಕಣ್ಣಲ್ಲಿ ನೀರು ಬಂತು. ಉಗುಳುವಂತಿಲ್ಲವಲ್ಲ, ಶುಭಕಾರ್ಯದ ಸಕ್ಕರೆ. ನುಂಗಿದರು. ರೇಣುಕಪ್ಪ ಹೋಗಲಿಲ್ಲ. ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ನಿಂತರು.

"ಇನ್ನೊಂದು ಮಾತು. ಹೆಣ್ಣಿನ ಮನೇಲೇ ಮದುವೆ ಆಗ್ಬೇಕಂತೆ. ಬಾಗ್ಲಲ್ಲಿ ಚಪ್ಪರ ಹಾಕ್ಬೇಕು, ಅಡುಗೆಗೂ ಒಂದು ಮರೆ ಕಟ್ಬೇಕು. ಗಿಡ್ಡಯ್ಯಂಗೆ ಹೇಳಿದೀನಿ. ಬಸ್ಸು ಇವತ್ತಿಂದ್ಲೇ ನಿಮ್ಮ ಮನೆ ಮುಂದೆ ನಿಲ್ಲುತ್ತೆ. ನೀವೇನೂ ಬೇರೆಯೋರಲ್ವಲ್ಲ."

ಅಷ್ಟರಲ್ಲಿ ಗಿಡ್ಡಯ್ಯ ಬಂದು ಕೈಕಟ್ಟಿ ನಿಂತಿದ್ದ. "ಸ್ವಾಮಿ, ಸ್ಕೂಲು ಬಿಡೋ ಹೊತ್ತು. ಬೆಂಕಿ ಎಬ್ಬಿಸ್ಬೇಕು. ಮದುವೆ ಮನೆಗೆ ಹೊಗೆ ಹೋಗೋದು ಬೇಡ ಅಂತ ಈ ಕಡೆ ತರ್ತೀನಿ. ಭತ್ತ ತೆಗೀತೀರಾ?"

ಕಲ್ಲೇಶಪ್ಪನವರು ಒಳಗೆ ಹೋಗಿ ಮೊರ ತಂದರು. ಕೋಳಿ, ಎತ್ತು, ಹುಡುಗರು ಬಿಟ್ಟು ಉಳಿಸಿದ್ದನ್ನು ಕೂತು ಬಾಚತೊಡಗಿದರು. ಗಿಡ್ಡಯ್ಯ ಒಳ್ಳೆಯವನು, ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡ.