ಗ್ರಾಮದೇವತೆಯ ಪುಸ್ತಕ ಹುಡುಕಿ ಸುಸ್ತಾದ ಕಥೆ

ದೇವರು ಎಲ್ಲಾ ಕಡೆ ಇದ್ದಾನಂತೆ. ದೇವರ ಬಗ್ಗೆ ಬರೆದ ಪುಸ್ತಕ ಮಾತ್ರ ಎಲ್ಲೂ ಸಿಗಲ್ಲ. ನಲವತ್ನಾಲ್ಕನೇ ವಯಸ್ಸಲ್ಲಿ ಗ್ರಾಮದೇವತೆಗಳ ಮೇಲೆ ಪಿಎಚ್‌ಡಿ ಮಾಡೋಕೆ ಹೊರಟ ನನಗೆ ಇಂಥ ಫಜೀತಿ ವಾರಕ್ಕೊಂದು ಇದ್ದೇ ಇರುತ್ತೆ. ಈ ಸಲ ನನ್ನ ಗೈಡು ಒಂದು ಹಳೇ ಪುಸ್ತಕದ ಹೆಸರು ಹೇಳಿ, "ಇದನ್ನ ಓದದೆ ಬಂದ್ರೆ ಥೀಸಿಸ್‌ಗೆ ಸಹಿ ಹಾಕಲ್ಲಮ್ಮ" ಅಂದ್ಬಿಟ್ರು. ತಿಂಗಳ ಕೊನೆಗೆ ಗಡುವು. ತಪ್ಪಿದ್ರೆ ಆರು ವರ್ಷದ ಕೆಲಸ ನೀರಲ್ಲಿ ಹೋಮ.

ಮುಟ್ಟೋ ಹಾಗಿಲ್ಲ

ಜಯನಗರದ ಲೈಬ್ರರಿಯೊಂದರ ಕಂಪ್ಯೂಟರ್‌ನಲ್ಲಿ ಪುಸ್ತಕ ಇದೆ ಅಂತ ಬಂತು. ಓಡಿದೆ. ಅಲ್ಲಿ ಸರಸ್ವತಿ ಪೂಜೆ. ಪುಸ್ತಕಗಳನ್ನ ಮಣೆ ಮೇಲೆ ಪೇರಿಸಿ ಸೇವಂತಿಗೆ ಹಾರ ಹಾಕಿದ್ರು.

"ವಿಜಯದಶಮಿ ತನಕ ಮುಟ್ಟೋ ಹಾಗಿಲ್ಲ ಮೇಡಂ."

"ನಾನು ರಿಸರ್ಚ್ ಮಾಡ್ತಿರೋದೇ ಪೂಜೆ ಬಗ್ಗೆ ಕಣ್ರೀ."

"ಮತ್ತೆ ನಿಮಗೂ ನಾವೇ ಹೇಳ್ಬೇಕಾ?"

ವಾಪಸ್ ಬಂದೆ. ದಶಮಿ ಮಾರನೇ ದಿನ ಹೋದ್ರೆ ರಾಶಿಯೆಲ್ಲಾ ಇಳಿಸಿ ನೋಡಿ, "ನಿಮ್ಮದು ಇದರಲ್ಲಿಲ್ಲ. ಪೂಜೆಗೆ ದಪ್ಪ ಪುಸ್ತಕ ಮಾತ್ರ ಇಟ್ಟಿದ್ವಿ" ಅಂದ್ರು.

ಕೆಂಪು ಬಟ್ಟೆಯ ಗಂಟು

ಹೊಸಕೆರೆಹಳ್ಳಿಯ ಹಳೇ ಊರಿನವರೊಬ್ಬರ ಮನೇಲಿ ಒಂದು ಪ್ರತಿ ಇದೆ ಅಂತ ಗೊತ್ತಾಯ್ತು. ಯಜಮಾನರು ಒಳ್ಳೇವರು, ಕಾಫಿ ಕೊಟ್ಟು ದೇವರ ಮನೆಗೇ ಕರ್ಕೊಂಡು ಹೋದ್ರು. ಪುಸ್ತಕ ಕೆಂಪು ಬಟ್ಟೇಲಿ ಸುತ್ತಿ, ಮೇಲೆ ತಾತನ ಕಾಲದಿಂದ ಹಚ್ಚಿದ ಅರಿಶಿನ ಕುಂಕುಮ.

"ಸ್ವಲ್ಪ ಬಿಚ್ಚಿ ತೋರಿಸ್ತೀರಾ ಸಾರ್?"

"ಅದನ್ನ ಬಿಚ್ಚೋ ಹಾಗಿಲ್ಲಮ್ಮ. ಮೂರನೇ ಫ್ಲೋರ್‌ನಲ್ಲಿ ಟೂ ಬಿಎಚ್‌ಕೆ ಖಾಲಿ ಇದೆ. ಬೇಕಾದ್ರೆ ಅದನ್ನ ತೆಗೆದು ತೋರಿಸ್ತೀನಿ."

ಸಿಕ್ಕೇ ಬಿಡ್ತು

ಗಡುವಿಗೆ ಎರಡೇ ದಿನ ಇತ್ತು. ಬನಶಂಕರಿಯ ಒಂದು ಪುಟ್ಟ ವಾಚನಾಲಯದ ಬೀರುವಿನಲ್ಲಿ ಪುಸ್ತಕ ಸಿಕ್ತು. ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು.

ಪುಸ್ತಕದ ಹಿಂದೆ ಅಂಟಿಸಿದ್ದ ಚೀಟಿಯಲ್ಲಿ ಅದನ್ನ ಮನೆಗೆ ಒಯ್ದವರದ್ದು ಒಂದೇ ಸಹಿ. ನಮ್ಮ ಗೈಡಿನದು. ತೆಗೆದು ನೋಡಿದ್ರೆ ಪ್ರೆಸ್‌ನವರು ಹಾಳೆಗಳ ಅಂಚನ್ನೇ ಕತ್ತರಿಸಿರಲಿಲ್ಲ. ಒಂದಕ್ಕೊಂದು ಕೂಡ್ಕೊಂಡೇ ಇದ್ವು. ಅಚ್ಚಾದಾಗಿನಿಂದ ಒಳಗೆ ಯಾರೂ ಇಣುಕಿಲ್ಲ. ಅಲ್ಲಿನ ಅಂಕಲ್ ಪರ್ಮಿಷನ್ ಜೊತೆಗೆ ಸ್ಕೇಲೂ ಕೊಟ್ರು. ಒಂದೊಂದೇ ಹಾಳೆ ಬಿಡಿಸ್ಕೊಂಡು ಸಂಜೆ ತನಕ ಕೂತು ಓದಿದೆ.

ಮಾರನೇ ದಿನ ಥೀಸಿಸ್ ಹಿಡ್ಕೊಂಡು ಜೆಪಿ ನಗರದ ಗೈಡ್ ಮನೆಗೆ ಹೋದೆ. "ಸಿಕ್ತು ಸಾರ್. ಪೂರ್ತಿ ಓದಿದೆ."

ಪೆನ್ನು ತೆಗೆದಿದ್ದವರು ಹಾಗೇ ನಿಂತ್ರು. ಅಡುಗೆಮನೆ ಕಡೆ ಒಂದ್ಸಲ ನೋಡಿ, ದನಿ ತಗ್ಗಿಸಿ ಕೇಳಿದ್ರು, "ಅದರಲ್ಲಿ ಹೀಗಿದೆ ಅಂತ ನನ್ನ ಥೀಸಿಸ್‌ನಲ್ಲಿ ಬರೆದಿದೀನಲ್ಲಮ್ಮ. ಅದೆಲ್ಲಾ ಅದರಲ್ಲಿ ಇದೆ ತಾನೇ?"

"ಮೊದಲು ಸಹಿ ಹಾಕಿ ಸಾರ್, ಆಮೇಲೆ ಹೇಳ್ತೀನಿ" ಅಂದೆ.